ಡೋರನಹಳ್ಳಿಯ ಸಂತರೂ ಕರ್ತನ ಭೋಜನವೂ



ಕೃಷ್ಣರಾಜನಗರದ ಕಡೆಯವರಿಗೆ ಡೋರನಹಳ್ಳಿಯ ಸಂತ ಅಂತೋಣಿಯವರನ್ನು ನಾನು ಪರಿಚಯಿಸಬೇಕಾದುದಿಲ್ಲ. ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಿಕ್ಕಿತೆಂದು ಐತಿಹ್ಯವು ಹೇಳುವ ಆ ಪುಟ್ಟ ವಿಗ್ರಹದ ಸನ್ನಿಧಿಯಲ್ಲಿ, ಜೂನ್ 13ರ ಹಬ್ಬದಂದು ಮೇಣದಬತ್ತಿ ಹಚ್ಚಿ ಹರಕೆ ಸಲ್ಲಿಸುವವರಲ್ಲಿ ಕ್ರೈಸ್ತರಲ್ಲದವರೂ ಹೇರಳವಾಗಿರುವರು. 2019ರಲ್ಲಿ ಆ ದೇವಾಲಯಕ್ಕೆ ರೋಮಾಪುರಿಯಿಂದ ಬೆಸಿಲಿಕಾ ಪದವಿಯೂ ಬಂದಿತು. ಆದರೆ 1231ರಲ್ಲಿ ಇಟಲಿಯಲ್ಲಿ ತೀರಿಕೊಂಡ ಸನ್ಯಾಸಿಯೊಬ್ಬರು ಕಾವೇರಿ ಸೀಮೆಯ ತಾಯಿಯೊಬ್ಬಳ ಮೊರೆಯನ್ನು ಕೇಳಬಲ್ಲರೆ? ಕೇಳಬಲ್ಲರು, ಕೇಳಿ ದೇವರಲ್ಲಿ ಬಿನ್ನವಿಸಬಲ್ಲರು ಎನ್ನುವರು ಕಥೋಲಿಕರು. ಕ್ರಿಸ್ತನೊಬ್ಬನ ಹೊರತು ಬೇರೆ ಮಧ್ಯಸ್ಥನಿಲ್ಲ ಎನ್ನುವರು ಪ್ರಾಟೆಸ್ಟೆಂಟರು.

ಈ ವಿವಾದವನ್ನೂ, ಕಥೋಲಿಕರು ಬಲಿಪೂಜೆಯೆಂದೂ ಪ್ರಾಟೆಸ್ಟೆಂಟರು ಕರ್ತನ ಭೋಜನವೆಂದೂ ಕರೆಯುವ ಅಪ್ಪ-ದ್ರಾಕ್ಷಾರಸಗಳ ವಿಧಿಯನ್ನು ಕುರಿತ ವಿವಾದವನ್ನೂ ಪ್ರತ್ಯೇಕವಾಗಿ ಚರ್ಚಿಸುವುದು ರೂಢಿ. ಇವೆರಡೂ ಒಂದೇ ಎಂಬುದು ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿರುವ ವಿಚಾರ. ಪ್ರಾಟೆಸ್ಟೆಂಟರ ಮೂಲಪುರುಷನಾದ ಲೂಥರನು ಪಾಪಕ್ಷಮಾಪತ್ರಗಳ ವಿರುದ್ಧ ತನ್ನ ವಾದಗಳನ್ನು ಹೊರಡಿಸಿದ 1517ರ ಅಕ್ಟೋಬರ್ 31 ಸಕಲ ಸಂತರ ಹಬ್ಬದ ಮುನ್ನಾದಿನ. ಆ ಪತ್ರಗಳು ಮಾರಾಟವಾಗುತ್ತಿದ್ದುದು ಬದುಕಿದವರಿಗಷ್ಟೇ ಅಲ್ಲ, ಸತ್ತವರ ಹೆಸರಿನಲ್ಲಿಯೂ. ಪೂಜೆಯು ಜೀವಂತರಿಗಾಗಿಯೂ ಮೃತರಿಗಾಗಿಯೂ ಅರ್ಪಿತವಾಗುವ ಬಲಿಯೆಂದು ಕಥೋಲಿಕರ ಟ್ರೆಂಟ್ ಮಹಾಸಭೆಯು 1562ರಲ್ಲಿ ವಿಧಿಸಿತು. ಮರುವರ್ಷವೇ ಸಂತರನ್ನು ಪ್ರಾರ್ಥಿಸುವುದು ಯುಕ್ತವೆಂದಿತು. ಬಲಿಯೆಂದಾದರೆ ಅದರ ಫಲವು ಸಮಾಧಿಯಾಚೆಗೂ ಸಲ್ಲುವುದು. ಕೇವಲ ಸ್ಮರಣೆಯ ಭೋಜನವೆಂದಾದರೆ ಪಂಕ್ತಿಯಲ್ಲಿ ಕುಳಿತವರಿಗೆ ಮಾತ್ರ.

ನಮ್ಮ ಸೀಮೆಯಲ್ಲಿ ಈ ವಾದವನ್ನು ವಿಚಿತ್ರ ರೀತಿಯಲ್ಲಿ ಎತ್ತಿದವರು ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಪ್ರಾಂತದಲ್ಲಿ ಸನ್ಯಾಸಿವೇಷದಿಂದ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಪೂಜೆ, ಉತ್ಸವ, ಪ್ರತಿಮೆ, ತೀರ್ಥ, ಉಪವಾಸ, ಮೃತರಿಗಾಗಿ ಪ್ರಾರ್ಥನೆ, ಸಂತರ ಮೊರೆ, ಇವೆಲ್ಲ ಉಳ್ಳ ಕಥೋಲಿಕ ವಿಧಿಗೇ ಒಲಿಯದ ಹಿಂದೂ ಜನ, ಇವೊಂದೂ ಇಲ್ಲದ ಪ್ರಾಟೆಸ್ಟೆಂಟ್ ಉಪದೇಶಕ್ಕೆ ಒಲಿಯುವರೆ ಎಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ವಾದಿಸಿದರು. ತಿರುನೆಲ್ವೇಲಿ ಸೀಮೆಯಲ್ಲಿ ಸೇವೆ ಸಲ್ಲಿಸಿದ್ದ ಪ್ರಾಟೆಸ್ಟೆಂಟ್ ಪಾದ್ರಿ ಜೇಮ್ಸ್ ಹಫ್ ಮರುವರ್ಷ ಇದಕ್ಕೆ ಉತ್ತರ ಬರೆದರು. ಮಹಾಲಯ ಅಮಾವಾಸ್ಯೆಯಂದು ಎಡೆಯಿಡುವ ಮನೆಗಳ ನಡುವೆ, ತೀರಿಕೊಂಡವರ ಹೆಸರಿನಲ್ಲಿ ಟಿಬೆಟಿನ ನೆರೆಯವರು ದೀಪ ಹಚ್ಚುವ ಈ ಬೈಲಕುಪ್ಪೆಯಲ್ಲಿ, ದುಬಾಯ್ ಅವರ ಆ ಪಟ್ಟಿ ಯಾರಿಗೂ ಅಪರಿಚಿತವೆನಿಸದು. ಆದರೂ ಅವರ ವಾದದಿಂದ ಕಥೋಲಿಕ ಪಕ್ಷಕ್ಕೆ ಹಾನಿಯೇ ಆಯಿತೆಂದು ನಾನು ನಂಬುವೆನು. ಜನರ ರುಚಿಗೆ ಒಪ್ಪುವುದೆಂಬ ಕಾರಣದಿಂದ ಯಾವ ತತ್ತ್ವವೂ ಸತ್ಯವಾಗದು.

ಇನ್ನು ಪ್ರಾಟೆಸ್ಟೆಂಟ್ ಪಕ್ಷ. ನಮಗೆ ಜೈಮಿನಿ ಭಾರತವನ್ನು ಪಾಠ ಹೇಳಿದ ಗುರುಗಳು ಆ ಪಕ್ಷದ ವೆಸ್ಲಿಯನ್ ಸಭೆಯವರು. ನವೆಂಬರ್ 2ರಂದು ಸಮಾಧಿಗಳ ಮೇಲೆ ದೀಪವಿಟ್ಟು ಪ್ರಾರ್ಥಿಸುವ ಕಥೋಲಿಕ ಮನೆಯಲ್ಲಿ ಬೆಳೆದ ನಾನು, ಅವರ ಪತ್ನಿ ತೀರಿಕೊಂಡ ವರ್ಷ, ಅಮ್ಮನವರಿಗಾಗಿ ಪ್ರಾರ್ಥಿಸುವಿರಾ ಎಂದು ಬಾಲಿಶವಾಗಿ ಕೇಳಿದೆನು. “ಇಲ್ಲಪ್ಪ, ಆಕೆ ಈಗ ನನ್ನ ಪ್ರಾರ್ಥನೆಯ ಹಂಗಿನಲ್ಲಿಲ್ಲ. ಕರ್ತನ ಭೋಜನದ ಹೊತ್ತಿನಲ್ಲಿ ಆಕೆಗಾಗಿ ವಂದನೆ ಸಲ್ಲಿಸುತ್ತೇನೆ, ಅಷ್ಟೆ” ಎಂದರು. ಪ್ರಾಟೆಸ್ಟೆಂಟ್ ನಂಬಿಕೆಯ ಘನತೆಯು ನನಗೆ ಗೋಚರವಾದುದು ಆ ಮಾತಿನಲ್ಲಿ. ಅಲ್ಲಿ ಶೋಕವಿತ್ತು, ಸಂದೇಹವಿರಲಿಲ್ಲ. ಅವರ ಸಭೆಯ ಮೂಲಪುರುಷರಾದ ವೆಸ್ಲಿ ಸಹೋದರರು 1745ರಲ್ಲಿ ಪ್ರಕಟಿಸಿದ, ಕರ್ತನ ಭೋಜನವನ್ನು ಕುರಿತ 166 ಕೀರ್ತನೆಗಳಲ್ಲಿ ಅದನ್ನು ಬಲಿಯಾಗಿ ಭಾವಿಸುವ ಭಾಗವೂ ಉಂಟೆಂಬುದು ನನಗೆ ತಿಳಿದುಬಂದುದು ಗುರುಗಳು ಗತಿಸಿದ ಮೇಲೆ.

ತಿಳಿದಂದಿನಿಂದ ಈ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಗುರುಪತ್ನಿಗೆ ಗುರುಗಳ ಪ್ರಾರ್ಥನೆ ಬೇಡವಾಗಿದ್ದಿತೆಂದೇ ಒಪ್ಪೋಣ. ಅವರಿಗೆ ಆಕೆಯ ಪ್ರಾರ್ಥನೆ ಬೇಡವಾಗಿದ್ದಿತೆ? ವಂದನೆಯಲ್ಲಿ ನೆನೆದ ಹೆಸರಿಗೂ ಬಿನ್ನಹದಲ್ಲಿ ನೆನೆದ ಹೆಸರಿಗೂ ದೇವರ ಸಮಕ್ಷಮದಲ್ಲಿ ಭೇದವುಂಟೆ? ಭೇದವಿಲ್ಲವಾದರೆ, ಪ್ರತಿ ನವೆಂಬರಿನಲ್ಲಿ ಆ ಗುರುಗಳಿಗಾಗಿ ನಾನು ಪೂಜೆ ಮಾಡಿಸುತ್ತಿರುವುದು ಅವರ ನಂಬಿಕೆಗೆ ಎಸಗುವ ಅಪಚಾರವೋ, ಶಿಷ್ಯನ ಋಣವೋ?