ಡಿವಿಡೆಂಡ್ ಎಲ್ಲಿಂದ ಬರುತ್ತದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವವರಿಗೆ ಮ್ಯೂಚುವಲ್ ಫಂಡಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ಈ ವ್ಯವಹಾರದಲ್ಲಿ ನಮ್ಮ ಜನ ದಾರಿ ತಪ್ಪುವುದು ಮೊದಲು ಶಬ್ದದಲ್ಲಿ, ಆಮೇಲೆ ಲೆಕ್ಕದಲ್ಲಿ. ಆದ್ದರಿಂದ ಶಬ್ದದಿಂದಲೇ ಆರಂಭಿಸುತ್ತೇನೆ.

ಡಿವಿಡೆಂಡ್ ಎಂಬುದಕ್ಕೆ ಕನ್ನಡದಲ್ಲಿ ಲಾಭಾಂಶ ಎನ್ನುತ್ತಾರೆ. ಉರ್ದು ಮನೆಮಾತಿನವರಾದ ನಾವು ಮುನಾಫಾ ಎನ್ನುತ್ತೇವೆ. ಒಂದರೊಳಗೆ ಲಾಭ ಕುಳಿತಿದೆ, ಇನ್ನೊಂದರೊಳಗೆ ನಫಾ. ಹೀಗಾಗಿ ಯಾರಾದರೂ ನಮ್ಮ ಖಾತೆಗೆ ಹಣ ಹಾಕಿ ಇದು ಮುನಾಫಾ ಎಂದರೆ ಸಾಕು, ಎಲ್ಲೋ ಲಾಭ ಆಗಿದೆ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಲಾಭ ಆಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಕಂಪನಿಯ ವಿಷಯದಲ್ಲಿ ಈ ಶಬ್ದ ಸರಿಯಾಗಿಯೇ ಇದೆ. ನಮ್ಮ ಪಕ್ಕದ ಸಂಡೂರಿನಲ್ಲಿ 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ನಿಮಗೆ ಗೊತ್ತು. ಅಂಥ ಕಂಪನಿ ಅದಿರು ತೆಗೆದು ಮಾರಿ, ಕೂಲಿ, ಲಾರಿ ಬಾಡಿಗೆ, ತೆರಿಗೆ ಎಲ್ಲವನ್ನೂ ಕಳೆದು, ಉಳಿದದ್ದರಲ್ಲಿ ಒಂದು ಪಾಲನ್ನು ಷೇರುದಾರರಿಗೆ ಹಂಚಿದರೆ ಅದು ಡಿವಿಡೆಂಡ್. ಗಣಿ ನಿಂತರೆ ಅದೂ ಕುಗ್ಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿ ಮಾಲೀಕರಿಂದ ಹಿಡಿದು ಚಹಾ ಅಂಗಡಿಯವರವರೆಗೆ ಯಾರ ಗಳಿಕೆ ಏನಾಯಿತೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮ್ಯೂಚುವಲ್ ಫಂಡಿನ ಡಿವಿಡೆಂಡ್ ಹಾಗಲ್ಲ. ಒಂದು ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಳ್ಳಿ. ನೀವು 1 ಲಕ್ಷ ರೂಪಾಯಿ ಹಾಕಿದಿರಿ. ಅಂದು ಒಂದು ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, 50 ರೂಪಾಯಿ. ನಿಮಗೆ 2,000 ಯೂನಿಟ್ ಬಂದವು. ವರ್ಷದ ನಂತರ ಬೆಲೆ 56 ಆಯಿತು. ಫಂಡಿನವರು ಯೂನಿಟ್ಟಿಗೆ 4 ರೂಪಾಯಿ ಡಿವಿಡೆಂಡ್ ಕೊಟ್ಟರು. ನಿಮ್ಮ ಕೈಗೆ 8,000 ಬಂತು. ಆದರೆ ಅದೇ ದಿನ ಎನ್‌ಎವಿ 56ರಿಂದ 52ಕ್ಕೆ ಇಳಿಯುತ್ತದೆ. 2,000 ಯೂನಿಟ್ಟಿಗೆ 1,04,000, ಕೈಯಲ್ಲಿರುವುದು 8,000, ಒಟ್ಟು 1,12,000. ಡಿವಿಡೆಂಡ್ ಬೇಡ ಎಂದು ಗ್ರೋತ್ ಆಯ್ಕೆಯಲ್ಲಿದ್ದವನ ಹತ್ತಿರವೂ 56ರಂತೆ 1,12,000. ಇಬ್ಬರ ಆಸ್ತಿಯೂ ಒಂದೇ. ಗೋದಾಮಿನಿಂದ ನಾಲ್ಕು ಚೀಲ ಭತ್ತ ತಂದು ಪಡಸಾಲೆಯಲ್ಲಿಟ್ಟರೆ ಮನೆಯ ಭತ್ತ ಹೆಚ್ಚಾಗಲಿಲ್ಲ, ಜಾಗ ಬದಲಾಯಿತು ಅಷ್ಟೆ.

ಇಲ್ಲಿ ಇನ್ನೊಂದು ಮಾತಿನ ಆಟವಿದೆ. ಯೂನಿಟ್ಟಿನ ಮುಖಬೆಲೆ ಸಾಮಾನ್ಯವಾಗಿ 10 ರೂಪಾಯಿ. ಆದ್ದರಿಂದ 4 ರೂಪಾಯಿ ಕೊಟ್ಟದ್ದನ್ನು ‘ಶೇ. 40 ಡಿವಿಡೆಂಡ್’ ಎಂದು ಹೇಳಬಹುದು. ಸುಳ್ಳಲ್ಲ, ಆದರೆ ನೀವು ಹಾಕಿದ್ದು 10 ಅಲ್ಲ, 50. ನಿಮ್ಮ ಲೆಕ್ಕಕ್ಕೆ ಅದು ಶೇ. 8. ಇನ್ನು ‘ಡಿವಿಡೆಂಡ್ ಬರಲಿದೆ, ನಾಳೆಯೊಳಗೆ ಹಣ ಹಾಕಿ’ ಎಂಬ ಏಜೆಂಟರ ಮಾತು ಕೇಳಿ ಹಿಂದಿನ ದಿನ 56ಕ್ಕೆ ಕೊಂಡವರ ಕಥೆ ನೋಡಿ. ಮರುದಿನ ಅವರಿಗೆ 4 ರೂಪಾಯಿ ಬಂತು, ಯೂನಿಟ್ 52ಕ್ಕೆ ಇಳಿಯಿತು. ಅವರ ಹಣವೇ ಅವರಿಗೆ ವಾಪಸು ಬಂದಿದೆ, ಮುನಾಫಾ ಎಂಬ ಹೆಸರಿನಲ್ಲಿ.

ಈ ಗೊಂದಲ ಕೊನೆಗೆ ಸೆಬಿಯವರಿಗೂ ಮನವರಿಕೆಯಾಯಿತು. 2020ರ ಅಕ್ಟೋಬರಿನಲ್ಲಿ ಅವರು ಸುತ್ತೋಲೆ ಹೊರಡಿಸಿ, 2021ರ ಏಪ್ರಿಲ್ 1ರಿಂದ ಫಂಡುಗಳಲ್ಲಿ ಡಿವಿಡೆಂಡ್ ಆಯ್ಕೆ ಎಂಬ ಹೆಸರನ್ನೇ ತೆಗೆಸಿದರು. ಈಗ ಅರ್ಜಿಯಲ್ಲಿ ಐಡಿಸಿಡಬ್ಲ್ಯು ಎಂಬ ನಾಲಿಗೆ ಹೊರಳದ ಅಕ್ಷರಗಳಿರುತ್ತವೆ. ಅದನ್ನು ಬಿಡಿಸಿದರೆ ‘ಆದಾಯ ಹಂಚಿಕೆ ಜೊತೆಗೆ ಬಂಡವಾಳ ಹಿಂಪಡೆತ’ ಎಂದಾಗುತ್ತದೆ. ಹೆಸರು ಒರಟಾಗಿದೆ ನಿಜ, ಆದರೆ ಭಾಷೆಯ ಶಿಕ್ಷಕರಾಗಿ ಹೇಳುತ್ತೇನೆ, ಲಾಭಾಂಶ ಎಂಬ ಚೆಂದದ ಶಬ್ದಕ್ಕಿಂತ ಇದು ಪ್ರಾಮಾಣಿಕವಾಗಿದೆ.

ಸರ್ಕಾರದ ಬೆಂಬಲವಿದ್ದ ಸಂಸ್ಥೆಯಲ್ಲೂ ಇದು ನಡೆದಿತ್ತು. ಹಿರಿಯರಿಗೆ ನೆನಪಿರಬೇಕು, ಯುಟಿಐನ ಯುಎಸ್-64. 1964ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನಿವೃತ್ತರೂ ವಿಧವೆಯರೂ ಬ್ಯಾಂಕಿನಷ್ಟೇ ಭರವಸೆಯಿಂದ ಹಣ ಇಟ್ಟಿದ್ದರು. 1998ರ ಹೊತ್ತಿಗೆ ಅದರ ಮೀಸಲು ನಿಧಿ ಶೂನ್ಯಕ್ಕಿಂತ ಕೆಳಗೆ ಹೋಗಿತ್ತು, ಆ ವರ್ಷವೂ ಶೇ. 20 ಡಿವಿಡೆಂಡ್ ಕೊಟ್ಟರು. 2001ರ ಜುಲೈಯಲ್ಲಿ ಯೂನಿಟ್ ಹಿಂದೆ ಕೊಡುವುದನ್ನೇ ನಿಲ್ಲಿಸಿದರು. ಡಿವಿಡೆಂಡ್ ತಪ್ಪದೆ ಬಂದದ್ದು ಒಳಗಿನ ಆರೋಗ್ಯವನ್ನು ತೋರಿಸಲಿಲ್ಲ, ಮುಚ್ಚಿಟ್ಟಿತು.

ಇನ್ನು ವಾರ್ಷಿಕ ಪ್ರತಿಫಲ. 10 ವರ್ಷದಲ್ಲಿ 1 ಲಕ್ಷ 3 ಲಕ್ಷವಾಯಿತು ಅನ್ನಿ. ಹೆಚ್ಚಳ ಶೇ. 200, ಹತ್ತರಿಂದ ಭಾಗಿಸಿ ‘ವರ್ಷಕ್ಕೆ ಶೇ. 20’ ಎಂದು ಹೇಳುವವರಿದ್ದಾರೆ. ತಪ್ಪು. ವರ್ಷವರ್ಷವೂ ಗಳಿಕೆ ಅಸಲಿಗೆ ಸೇರಿ ಬೆಳೆಯುತ್ತದಲ್ಲ, ಆ ಲೆಕ್ಕದಲ್ಲಿ ಅದು ಸುಮಾರು ಶೇ. 11.6 ಮಾತ್ರ. ಪರೀಕ್ಷಿಸಬೇಕೆಂದರೆ ಕ್ಯಾಲ್ಕುಲೇಟರಿನಲ್ಲಿ 1.116 ಅನ್ನು ಹತ್ತು ಬಾರಿ ಗುಣಿಸಿ ನೋಡಿ, 3ರ ಹತ್ತಿರ ಬರುತ್ತದೆ. ಫಂಡಿನ ಕಾಗದದಲ್ಲಿ ಸಿಎಜಿಆರ್ ಎಂದು ಬರೆಯುವುದು ಇದನ್ನೇ.

ಸರಾಸರಿ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ನಿಜವಾದ ಅಂಕಿಗಳೇ ಇವೆ. 2007ರ ಕೊನೆಯ ದಿನ ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಸುಮಾರು 20,287 ಇತ್ತು. 2008ರ ಕೊನೆಗೆ 9,647. ಅಂದರೆ ಶೇ. 52 ಇಳಿತ. 2009ರ ಕೊನೆಗೆ 17,465, ಶೇ. 81 ಏರಿಕೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ವರ್ಷಕ್ಕೆ ಶೇ. 14 ಲಾಭ ಎಂದು ಉತ್ತರ ಬರುತ್ತದೆ. ಆದರೆ 20,287 ಇದ್ದದ್ದು 17,465 ಆಗಿದೆ! ಲಾಭವೆಲ್ಲಿ? ವರ್ಷಕ್ಕೆ ಸುಮಾರು ಶೇ. 7 ನಷ್ಟ. ಇಂಥ ಒಂದು ಲೆಕ್ಕವನ್ನು ಹತ್ತನೆಯ ತರಗತಿಯ ಗಣಿತದಲ್ಲಿ ಸೇರಿಸಿದರೆ ಒಳ್ಳೆಯದೆಂದು ನನಗೆ ಅನಿಸುತ್ತದೆ.

ಎರಡು ತಿಂಗಳಲ್ಲಿ ಶೇ. 4 ಬಂತು, ಆದ್ದರಿಂದ ವರ್ಷಕ್ಕೆ ಶೇ. 24 ಎನ್ನುವವರಿಗೆ ಒಂದೇ ಉತ್ತರ. ಜುಲೈ ತಿಂಗಳ ತುಂಗಭದ್ರಾ ಜಲಾಶಯದ ಒಳಹರಿವನ್ನು 12ರಿಂದ ಗುಣಿಸಿ ಬೇಸಿಗೆ ಬೆಳೆಗೆ ಕಾಲುವೆ ನೀರು ಲೆಕ್ಕ ಹಾಕುವ ರೈತ ಕಂಪ್ಲಿಯಲ್ಲಿ ಇದ್ದಾನೆಯೇ?

ಈಗ ಈ ಎರಡು ಲೆಕ್ಕಗಳನ್ನೂ ಹಿಡಿದು, ನಮ್ಮ ಸಮಾಜ ಮರೆಯಬಾರದ ಒಂದು ಪ್ರಕರಣಕ್ಕೆ ಬರುತ್ತೇನೆ. 2006ರಲ್ಲಿ ಬೆಂಗಳೂರಿನಲ್ಲಿ ಮನ್ಸೂರ್ ಖಾನ್ ಆರಂಭಿಸಿದ ಐಎಂಎ ಮ್ಯೂಚುವಲ್ ಫಂಡ್ ಆಗಿರಲಿಲ್ಲ, ಸೆಬಿಯ ನಿಯಮದ ಫಂಡುಗಳಂತೆ ದಿನದಿನದ ಎನ್‌ಎವಿ ಪ್ರಕಟಿಸುವ ಕಟ್ಟುಪಾಡು ಅದಕ್ಕಿರಲಿಲ್ಲ. ಬಡ್ಡಿಯಲ್ಲ, ಹಲಾಲ್ ವ್ಯಾಪಾರದ ಮುನಾಫಾ ಎಂದರು, ಹಣ ಕೊಟ್ಟವರನ್ನು ಪಾಲುದಾರರೆಂದು ಕರೆದರು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ಎಂಬ ಮಾತು ಪತ್ರಿಕೆಗಳಲ್ಲೂ ಬಂತು. 2019ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು, ಮಾಲೀಕ ದುಬೈಗೆ ಹೋದ, ಜುಲೈ 19ರಂದು ದೆಹಲಿಗೆ ಮರಳಿದಾಗ ಬಂಧನವಾಯಿತು. ದೂರು ಕೊಟ್ಟವರೇ 40,000ಕ್ಕೂ ಹೆಚ್ಚು. ಹೊಸಬರ ಹಣದಲ್ಲಿ ಹಳಬರಿಗೆ ತಿಂಗಳ ಹಣ ಕೊಡುತ್ತಿದ್ದರು ಎಂಬುದು ತನಿಖೆ ಮಾಡಿದವರ ಆರೋಪ.

ನೊಂದವರನ್ನು ದುರಾಸೆಯವರು ಎಂದು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಮಗಳ ಮದುವೆಗೆಂದು ಕೂಡಿಟ್ಟವರು, ಬಡ್ಡಿ ಮುಟ್ಟಬಾರದೆಂದು ಬ್ಯಾಂಕಿನ ಠೇವಣಿ ಬಿಟ್ಟು ಬಂದವರು ಅವರಲ್ಲಿದ್ದರು. ಅವರಿಗೆ ಶಬ್ದದ ಬಗ್ಗೆ ಎಚ್ಚರವಿತ್ತು, ಲೆಕ್ಕದ ಬಗ್ಗೆ ಯಾರೂ ಹೇಳಿರಲಿಲ್ಲ. ತಿಂಗಳಿಗೆ ಶೇ. 3 ಎಂದರೆ, ಮರಳಿ ತೊಡಗಿಸಿದರೆ, ವರ್ಷಕ್ಕೆ ಶೇ. 42ಕ್ಕೂ ಹೆಚ್ಚು. ಹಾಗೆ 20 ವರ್ಷ ನಡೆದರೆ 1 ಲಕ್ಷ 12 ಕೋಟಿಯಾಗಬೇಕು. ಯಾವ ಚಿನ್ನದ ಅಂಗಡಿ, ಯಾವ ಗಣಿ ಹಾಗೆ ದುಡಿಯುತ್ತದೆ? ಇನ್ನೊಂದು ಲೆಕ್ಕ: ಶೇ. 2.5ರಂತೆ 1 ಲಕ್ಷಕ್ಕೆ ತಿಂಗಳಿಗೆ 2,500. ಒಂದು ಪೈಸೆಯ ವ್ಯಾಪಾರವನ್ನೂ ಮಾಡದೆ, ನಿಮ್ಮ ಹಣವನ್ನೇ ನಿಮಗೆ 40 ತಿಂಗಳು ಕೊಡಬಹುದು. ಮೂರು ವರ್ಷಕ್ಕೂ ಮಿಕ್ಕಿ ನೀವು ಅದನ್ನು ಮುನಾಫಾ ಎಂದೇ ತಿಳಿದಿರುತ್ತೀರಿ, ನೆಂಟರಿಗೂ ಹೇಳಿರುತ್ತೀರಿ.

ಧರ್ಮದ ಪ್ರಶ್ನೆಗಳನ್ನು ಉಲಮಾಗಳಲ್ಲಿ ಕೇಳಿ, ಅದು ನನ್ನ ವಿಷಯವಲ್ಲ. ಬ್ಯಾಂಕು, ಮದ್ಯ ಮುಂತಾದ ಷೇರುಗಳನ್ನು ಬಿಟ್ಟು ಹೂಡುವ ಟಾಟಾ ಎಥಿಕಲ್, ಟಾರಸ್ ಎಥಿಕಲ್ ಎಂಬ ಫಂಡುಗಳು ಸೆಬಿಯ ನಿಯಮದಡಿ ಇವೆ. ಅವುಗಳ ಬೆಲೆಯೂ ಏರಿಳಿಯುತ್ತದೆ, ಅವು ಯಾವ ಖಾತರಿಯನ್ನೂ ಕೊಡುವುದಿಲ್ಲ. ತಿಂಗಳಿಗೆ ಇಷ್ಟು ಖಚಿತ ಎಂದು ಯಾರಾದರೂ ಹೇಳಿದರೆ ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿ.

ತಿಂಗಳ ಖರ್ಚಿಗೆ ಹಣ ಬೇಕಾದ ನಿವೃತ್ತರು ಏನು ಮಾಡಬೇಕು? 2020ರ ಏಪ್ರಿಲ್‌ನಿಂದ ಫಂಡಿನ ಡಿವಿಡೆಂಡ್ ಪಡೆದವರ ಆದಾಯಕ್ಕೇ ಸೇರಿ ತೆರಿಗೆಗೆ ಬರುತ್ತದೆ, ಅದು ಯಾವಾಗ ಎಷ್ಟು ಬರುತ್ತದೆಂಬ ಭರವಸೆಯೂ ಇಲ್ಲ. ಅದರ ಬದಲು ಗ್ರೋತ್ ಆಯ್ಕೆಯಲ್ಲಿಟ್ಟು, ಪ್ರತಿ ತಿಂಗಳು ನಿಗದಿತ ಮೊತ್ತದ ಯೂನಿಟ್ ಮಾರಿಸುವ ಎಸ್‌ಡಬ್ಲ್ಯುಪಿ ಎಂಬ ವ್ಯವಸ್ಥೆ ಇದೆ. ಅದರಲ್ಲಿಯೂ ಕರಗುವುದು ನಿಮ್ಮ ಹಣವೇ. ಆದರೆ 2,000 ಇದ್ದ ಯೂನಿಟ್ 1,960 ಆಯಿತು, 1,920 ಆಯಿತು ಎಂದು ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಕಣ್ಣಿಗೇ ಕಾಣುತ್ತದೆ. ಈ ಸ್ಟೇಟ್‌ಮೆಂಟ್ ಓದಲು ಕಷ್ಟವಾದವರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತೆಗೆದುಕೊಂಡು ಬನ್ನಿ, ಒಂಬತ್ತನೆಯ ತರಗತಿಯ ಮಕ್ಕಳೇ ಕುಳಿತು ಓದಿ ಹೇಳುತ್ತಾರೆ.