ಒಪ್ಪಂದದ ಕೊನೆಯ ಹಾಳೆ

ಚಿಕ್ಕಬಳ್ಳಾಪುರದ ಗ್ರಂಥಾಲಯ ಸಪ್ತಾಹದ ಈ ಪ್ರದರ್ಶನದಲ್ಲಿ ಕಥೆ, ಕಾದಂಬರಿ, ಮಕ್ಕಳ ಪುಸ್ತಕ ಎಲ್ಲವೂ ಇವೆ. ಅವುಗಳ ಬಗ್ಗೆ ಬಲ್ಲವರು ಹೇಳಲಿ. ವಕೀಲನಾದ ನನ್ನ ಕಣ್ಣು ಹೋಗುವುದು 341ರ ಕಪಾಟಿಗೆ. ಡ್ಯೂಯಿ ವರ್ಗೀಕರಣದಲ್ಲಿ ಅದು ಅಂತರರಾಷ್ಟ್ರೀಯ ಕಾನೂನಿನ ನಂಬರು.

"ರೇಷ್ಮೆಗೂಡು, ಟೊಮೆಟೊ ಮಾರೋರಿಗೆ ಅದ್ಯಾಕೆ ಸಾರ್?" ಎಂದು ಶಿಡ್ಲಘಟ್ಟದ ಕಕ್ಷಿದಾರರೊಬ್ಬರು ಕೇಳಿದ್ದರು. ಗೌರಿಬಿದನೂರಿನ ಉತ್ತರ ಪಿನಾಕಿನಿಯನ್ನೇ ನೋಡಿ. 1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಒಂದು ಒಪ್ಪಂದವಾಯಿತು. ಅದರ 'ಎ' ಶೆಡ್ಯೂಲಿನಲ್ಲಿ 15 ಮುಖ್ಯ ನದಿಗಳ ಹೆಸರುಗಳಿವೆ. ಅವುಗಳಿಗೆ ಅಡ್ಡಲಾಗಿ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮೊದಲು ಮದ್ರಾಸಿನ ಒಪ್ಪಿಗೆ ಬೇಕಿತ್ತು. ಕಾವೇರಿ, ತುಂಗಭದ್ರೆಗಳ ಸಾಲಿನಲ್ಲೇ ನಮ್ಮ ಎರಡು ಪಿನಾಕಿನಿಗಳು, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಕೂತಿವೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಕರಿಕೋಟು ಹೊಸದಾಗಿದ್ದ ಕಾಲದಲ್ಲಿ ಈ ಒಪ್ಪಂದ ಹುಡುಕಿಕೊಂಡು ಬೆಂಗಳೂರಿನ ಗ್ರಂಥಾಲಯವೊಂದಕ್ಕೆ ಮೂರು ದಿನ ಬಸ್ಸಿನಲ್ಲಿ ಓಡಾಡಿದೆ. ಮೂರನೆಯ ದಿನ ಸಂಪುಟ ಸಿಕ್ಕಿತು, ನಿಯಮಗಳೂ ಸಿಕ್ಕವು, ಶೆಡ್ಯೂಲ್ ಇರಲಿಲ್ಲ. ಯಾರೋ ಪುಣ್ಯಾತ್ಮ ಬ್ಲೇಡಿನಲ್ಲಿ ಕೊಯ್ದುಕೊಂಡು ಹೋಗಿದ್ದ. ಹೊಲಿಗೆಯ ಅಂಚಿನಲ್ಲಿ ಬೆರಳಗಲದ ಕಾಗದ ಉಳಿದಿತ್ತು. ನಮ್ಮ ನದಿಗಳಿದ್ದದ್ದು ಆ ಹಾಳೆಯಲ್ಲೇ! ಅಂದಿನಿಂದ ನಾನು ಯಾವ ಒಪ್ಪಂದವನ್ನೂ ಹಿಂದಿನಿಂದ ಓದುತ್ತೇನೆ: ಮೊದಲು ಶೆಡ್ಯೂಲ್, ಆಮೇಲೆ ಸಹಿ, ಕಡೆಗೆ ಪೀಠಿಕೆ.

ಸಹಿ ಯಾಕೆಂದರೆ, 1966ರ ಹೆಲ್ಸಿಂಕಿ ನಿಯಮಗಳಿಗೆ ಯಾವ ದೇಶವೂ ಸಹಿ ಹಾಕಿಲ್ಲ. ಹಲವು ದೇಶಗಳಲ್ಲಿ ಹರಿಯುವ ನೀರಿನ ಬಗ್ಗೆ ಅಂತರರಾಷ್ಟ್ರೀಯ ಕಾನೂನು ಸಂಘದ ವಿದ್ವಾಂಸರು ಬರೆದದ್ದು ಅದು. ಆದರೂ 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಯುತ ಪಾಲಿನ ಮಾತು ಬಂದಾಗ ಅದನ್ನೇ ಮುಂದಿಟ್ಟುಕೊಂಡಿತು. 1997ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಜಲ ಒಡಂಬಡಿಕೆ 2014ರ ಆಗಸ್ಟ್ 17ರಂದು ಜಾರಿಗೆ ಬಂತು. ಭಾರತ ಮತದಾನದಲ್ಲಿ ತಟಸ್ಥವಾಗಿತ್ತು, ಸೇರಿಯೂ ಇಲ್ಲ. ಪುಸ್ತಕದ ಒಳಪುಟ ಮಾತ್ರ ಓದಿದವರು ಯಾವುದು ನಮ್ಮನ್ನು ಕಟ್ಟಿಹಾಕುತ್ತದೆ ಎಂದು ತಲೆಕೆಳಗಾಗಿಯೇ ಹೇಳಿಯಾರು. ವಿಶ್ವಸಂಸ್ಥೆಯ ಒಪ್ಪಂದ ಸಂಪುಟಗಳೂ ಯಾರು ಸೇರಿದ್ದಾರೆಂಬ ಪಟ್ಟಿಯೂ ಈಗ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಇಲ್ಲಿನ ಕಂಪ್ಯೂಟರಿನಲ್ಲಿ ತೆಗೆದುಕೊಡಿ ಎಂದು ಗ್ರಂಥಪಾಲಕರನ್ನು ಕೇಳಿ, ಸಂಕೋಚ ಬೇಡ.

ಈ ಲಕೋಟೆಯಲ್ಲಿ 1892ರ ಆ ಶೆಡ್ಯೂಲಿನ ನಕಲಿದೆ, ಬೇರೆ ಕಡೆಯಿಂದ ಸಂಪಾದಿಸಿದ್ದು. ಗ್ರಂಥಪಾಲಕರೇ, ತೆಗೆದುಕೊಳ್ಳಿ. ಬೈಂಡಿಗೆ ಕೊಡುವಾಗ ಹಾಳೆ ಎಣಿಸಿ ಕೊಡಿ, ವಾಪಸು ಬಂದಾಗ ಇನ್ನೊಮ್ಮೆ ಎಣಿಸಿ.