ನಡಿಗೆಯ ಹಿಂದಿನ ರಾತ್ರಿ



ಶಿವರಾತ್ರಿ ಹತ್ತಿರವಾದಂತೆ ನಮ್ಮ ಮಂಡ್ಯ ಸೀಮೆಯ ರಸ್ತೆಗಳಲ್ಲಿ ಪಾದಯಾತ್ರಿಗಳು ಕಾಣಿಸಿಕೊಳ್ಳುತ್ತಾರೆ. ಕೆ.ಆರ್. ಪೇಟೆ ಕಡೆಯವರು ಚನ್ನರಾಯಪಟ್ಟಣ, ಹಾಸನದ ದಾರಿ ಹಿಡಿದು ಧರ್ಮಸ್ಥಳಕ್ಕೆ ಹೊರಡುತ್ತಾರೆ. ಬೆಂಗಳೂರಿನವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಹಾದು ಅಲ್ಲಿಗೇ ಹೋಗುತ್ತಾರೆ. ಇನ್ನು ಕೆಲವರದು ಕೊಳ್ಳೇಗಾಲ, ಹನೂರಿನ ಮೇಲೆ ಮಾದಪ್ಪನ ಬೆಟ್ಟದ ದಾರಿ. ನಡೆಯಲು ಶುರು ಮಾಡಿದವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ ಕೊಡುವ ಕೈಗಳಿವೆ. ಅದಕ್ಕೂ ಮುಂಚಿನ ರಾತ್ರಿಯದೇ ಕಷ್ಟ. ದೂರದ ಊರಿಂದ ಬಂದು, ಹೊಳೆಯಲ್ಲಿ ಮಿಂದು, ಬೆಳಗಿನ ಜಾವ ಹೊರಡಬೇಕಾದವನು ಆ ರಾತ್ರಿ ಎಲ್ಲಿ ಮಲಗಬೇಕು? ಕೈಯಲ್ಲಿ ಹೆಚ್ಚು ದುಡ್ಡಿಲ್ಲದವನ ಈ ಪ್ರಶ್ನೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಎಲ್ಲಕ್ಕಿಂತ ಹಳೆಯ ಉತ್ತರ ಮಂಟಪ. ಮೇಲುಕೋಟೆಯ ಕಲ್ಯಾಣಿಯ ಸುತ್ತ ಸಾಲಾಗಿ ನಿಂತಿರುವ ಕಲ್ಲಿನ ಮಂಟಪಗಳನ್ನು ನೀವು ನೋಡಿರುತ್ತೀರಿ. ಸಿನಿಮಾದವರು ಅಲ್ಲಿ ಹಾಡು ತೆಗೆಯುತ್ತಾರೆ, ನಾವು ಫೋಟೋ ತೆಗೆಸಿಕೊಳ್ಳುತ್ತೇವೆ. ಅಲ್ಲಿ ನಿಂತಾಗಲೆಲ್ಲ ನನಗೆ ಹೊಳೆಯುವುದು ಅವುಗಳ ಉಪಯೋಗ. ಕಂಬಕ್ಕೆ ಗಂಟು ಒರಗಿಸಿ, ಚಪ್ಪಡಿಯ ಮೇಲೆ ಕಂಬಳಿ ಹಾಸಿದರೆ ಮುಗಿಯಿತು. ಬಾಡಿಗೆ ಕೇಳುವವರಿಲ್ಲ, ಮೆಟ್ಟಿಲಿಳಿದರೆ ನೀರು. ದಾರಿಯಲ್ಲಿ ಗುಂಡುತೋಪು, ಬೇಸಿಗೆಯಲ್ಲಿ ಅರವಟ್ಟಿಗೆ. ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ ಮೇಲೆ ಈ ಬೆಟ್ಟಕ್ಕೆ ಜನ ಬರುವುದು ಹೆಚ್ಚಿತು. ಉತ್ಸವಕ್ಕೆ ವೈರಮುಡಿ ಕಿರೀಟ ಇವತ್ತಿಗೂ ಮಂಡ್ಯದ ಖಜಾನೆಯಿಂದ ಶ್ರೀರಂಗಪಟ್ಟಣ, ಪಾಂಡವಪುರ ಹಾದು ಊರೂರಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾ ಮೇಲುಕೋಟೆ ಏರುತ್ತದಲ್ಲ, ಅದು ಯಾತ್ರಿಕರು ತುಳಿದು ಸವೆಸಿದ ದಾರಿಯೂ ಹೌದು.

ಆದರೆ ಮಂಟಪಕ್ಕೆ ಬಾಗಿಲಿಲ್ಲ. ನೆಮ್ಮದಿಯ ಕಾಲದಲ್ಲಿ ಅದು ಸಾಕು, ಯುದ್ಧದ ಕಾಲದಲ್ಲಿ ಸಾಲದು. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿಯನ್ನು ಸೋಲಿಸಿದ ಮರಾಠರು ಮೇಲುಕೋಟೆಯನ್ನು ಲೂಟಿ ಮಾಡಿದರು. 1792ರ ಯುದ್ಧದಲ್ಲಿ ನಾಗಮಂಗಲ ಹಾಳಾಯಿತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲೇ ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳನ್ನು ಸುತ್ತಿದ. ಅವನ ಜೊತೆ ಡೇರೆ ಇತ್ತು, ಆಳುಗಳಿದ್ದರು. ಅದಾವುದೂ ಇಲ್ಲದ ಬಡ ಯಾತ್ರಿಕನಿಗೆ ಅಂಥ ದಿನಗಳಲ್ಲಿ ಬೇಕಾಗಿದ್ದದ್ದು ನಾಲ್ಕು ಗೋಡೆ, ಒಂದು ಅಗುಳಿ ಇರುವ ಛತ್ರ.

ದಿವಾನ್ ಪೂರ್ಣಯ್ಯನವರ ಕಾಲಕ್ಕೆ ದಾರಿಗಳು ಮತ್ತೆ ಚೇತರಿಸಿಕೊಂಡವು. 1804ರಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಈಗಲೂ ನಿಂತಿವೆ. ಹೊಳೆ ತುಂಬಿದಾಗ ಹರಿಗೋಲಿಗೆ ಕಾಯುತ್ತಾ ದಡದಲ್ಲಿ ದಿನ ಕಳೆಯುವ ಪಾಡು ಅದರಿಂದ ಕಡಿಮೆಯಾಯಿತು. ಕಾವೇರಿಯ ಕವಲು ಪಶ್ಚಿಮಕ್ಕೆ ಹರಿಯುವ ಪಶ್ಚಿಮವಾಹಿನಿಯಲ್ಲಿ, ಮೀಯುವ ಮೆಟ್ಟಿಲ ಪಕ್ಕದಲ್ಲೇ, ಛತ್ರಗಳು ಎದ್ದವು. ಪಿತೃಕಾರ್ಯಕ್ಕೆ ಬಂದವರೂ ಮೇಲುಕೋಟೆಗೆ ಹೊರಟವರೂ ಒಂದೇ ಪಡಸಾಲೆಯಲ್ಲಿ ತಂಗುತ್ತಿದ್ದ ಜಾಗ ಅದು.

ಛತ್ರದ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಎಷ್ಟೋ ಹಳೆಯ ಛತ್ರಗಳಲ್ಲಿ ಒಳಗೆ ಕೂತು ಊಟ ಮಾಡುವ ಹಕ್ಕು ಬ್ರಾಹ್ಮಣರಿಗೆ ಮಾತ್ರ ಇತ್ತು. ಮಿಕ್ಕವರಿಗೆ ಅಕ್ಕಿ-ಬೇಳೆಯ ಪಡಿ, ಹೊರಗಿನ ಜಗಲಿ. ಮೇಲುಕೋಟೆಯಲ್ಲಿ ತಿರುಕುಲದವರೆಂದು ಕರೆಯುವ ದಲಿತರಿಗೆ ವರ್ಷದಲ್ಲಿ ಮೂರು ದಿನ ದೇವಾಲಯ ಪ್ರವೇಶ ಇತ್ತೆಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಮೂರು ರಾತ್ರಿ ಅವರು ಎಲ್ಲಿ ತಲೆ ಇಟ್ಟರು ಎಂದೂ ಕೇಳಬೇಕು. ಮೇಲುಕೋಟೆಯಲ್ಲಿ ಇಂದು ಒಂದೊಂದು ಸಮುದಾಯಕ್ಕೊಂದು ಛತ್ರ ಕಾಣುವುದರ ಹಿಂದೆ ಭಕ್ತಿಯಷ್ಟೇ ಈ ಅವಮಾನದ ನೆನಪೂ ಇದೆ ಎಂದು ನಾನು ನಂಬುತ್ತೇನೆ.

1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. ಶ್ರೀರಂಗಪಟ್ಟಣದ ಕೋಟೆಯೊಳಗೇ ಹಳಿ ಹಾದುಹೋಯಿತು. ಪಾಂಡವಪುರದ ನಿಲ್ದಾಣಕ್ಕೆ ಆಗಿನ ಹೆಸರು ಫ್ರೆಂಚ್ ರಾಕ್ಸ್. ಹಿಂದೆ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಲ್ಲುಗುಡ್ಡದ ನೆನಪು. ರೈಲಿಳಿದವರು ಅಲ್ಲಿಂದ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಮೇಲುಕೋಟೆ ಬೆಟ್ಟದ ಕಡೆ ಹೊರಡುತ್ತಿದ್ದರು. ಹೀಗೆ ಮೊದಲ ರಾತ್ರಿಯ ಪ್ರಶ್ನೆ ಹೊಳೆದಂಡೆಯಿಂದ ರೈಲು ನಿಲ್ದಾಣಕ್ಕೆ ಜರುಗಿತು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಗುಬ್ಬಿ ತೋಟದಪ್ಪನವರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಸುರಿದು, 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಊರಿಗೆ ಹೊಸಬನಾದವನು ಕತ್ತಲಲ್ಲಿ ರೈಲಿಳಿದು ಗಂಟು ಹೊತ್ತು ಅಲೆಯಬಾರದು. ಜಾಗದ ಆಯ್ಕೆಯಲ್ಲೇ ಆ ಕಾಳಜಿ ಕಾಣುತ್ತದೆ.

ಆಮೇಲೆ ಬಸ್ಸು ಬಂತು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಮೇಲೆ ತಂಗುವವರು ಕಡಿಮೆಯಾದರು. ಎಷ್ಟೋ ಛತ್ರಗಳು ಮದುವೆ ಮನೆಗಳಾದವು, ಕೆಲವು ಪಾಳುಬಿದ್ದವು. ಬಸ್ ನಿಲ್ದಾಣದ ಎದುರು ಲಾಡ್ಜುಗಳು ಎದ್ದವು. ದಸರೆಗೋ ವೈರಮುಡಿಗೋ ಜನ ಸೇರಿದರೆ ಲಾಡ್ಜಿನ ದರ ಬಡವನ ಕೈಗೆ ಎಟುಕುವುದಿಲ್ಲ.

ಕಾಲ್ನಡಿಗೆಯ ಕಾಲ ಮುಗಿಯಿತು ಅಂದುಕೊಂಡರೆ ಈಗ ಪಾದಯಾತ್ರೆ ಮತ್ತೆ ದೊಡ್ಡದಾಗಿ ಬೆಳೆದಿದೆ. ಹಾಸನ ದಾಟಿ ಚಾರ್ಮಾಡಿ ಘಾಟಿಯಲ್ಲಿ ಇಳಿಯುವ ಸಾಲು ನೋಡಿದರೆ ತಿಳಿಯುತ್ತದೆ. ದಾರಿ ಮುಗಿಯುವ ಧರ್ಮಸ್ಥಳದಲ್ಲಿ ಗಂಗೋತ್ರಿ, ಶರಾವತಿ, ವೈಶಾಲಿ, ಸಹ್ಯಾದ್ರಿ ಎಂದು ಸಾಲು ಸಾಲು ವಸತಿಗೃಹಗಳಿವೆ, ದರವೂ ಕಡಿಮೆ. ಬೆಳ್ಳೂರು ಕ್ರಾಸಿನ ಹತ್ತಿರ ಆದಿಚುಂಚನಗಿರಿ ಮಠದ ದಾಸೋಹವಿದೆ. ಹೊರಡುವ ಕಡೆ ಮಾತ್ರ ಯಾರೂ ಗಮನ ಕೊಟ್ಟಿಲ್ಲ. ಗಂಡಸರು ದೇವಸ್ಥಾನದ ಜಗಲಿಯಲ್ಲೋ ಶಾಲೆಯ ವರಾಂಡದಲ್ಲೋ ಹೇಗೋ ರಾತ್ರಿ ಕಳೆದಾರು. ಹೆಂಗಸರಿಗೆ ಅಗುಳಿ ಇರುವ ಬಾಗಿಲು ಬೇಕು, ಶೌಚಾಲಯ ಬೇಕು, ಬೆಳಗಿನ ಜಾವ ನಾಲ್ಕಕ್ಕೆ ನೀರು ಬೇಕು.

ಹೊಸದಾಗಿ ಕಟ್ಟಲೇಬೇಕೆಂದಿಲ್ಲ. ಪಶ್ಚಿಮವಾಹಿನಿಯ ಹಳೆಯ ಛತ್ರಗಳಲ್ಲಿ ಒಂದೆರಡರ ಸೂರಾದರೂ ರಿಪೇರಿಯಾಗಲಿ. ತಾಲ್ಲೂಕುಗಳ ಸಮುದಾಯ ಭವನಗಳು ಶಿವರಾತ್ರಿಯ ಹಿಂದಿನ ಎರಡು ವಾರ ಮದುವೆ ಇಲ್ಲದ ರಾತ್ರಿಗಳಲ್ಲಿ ನಡೆಯುವವರಿಗೆ ತೆರೆಯಲಿ. ವಿದ್ಯುತ್ತು, ನೀರಿನ ಖರ್ಚಿಗೆ ತಲೆಗಿಷ್ಟು ಎಂದು ಪಡೆದು ರಸೀದಿ ಕೊಡಲಿ. ಬೀಗದ ಕೈ ಯಾರ ಹತ್ತಿರ ಇದೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬಸ್ ನಿಲ್ದಾಣಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲಿ.